ಕ್ಯಾನ್ಸರ್ ನೋವಿಗೆ ಆಕ್ಯುಪಂಕ್ಚರ್: ಅಮ್ಮನಿಗೆ ಮಾಡಿಸಬಹುದಾ?

ಭದ್ರಾನಾಲೆ

ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆ ಹತ್ತಿರದವರು. ಅಮ್ಮನಿಗೆ 61 ವರ್ಷ. ಎಡಗಡೆ ಸ್ತನದ ಕ್ಯಾನ್ಸರ್ ಆಗಿ ಆಪರೇಷನ್, ಕಿಮೋ, ರೇಡಿಯೇಷನ್ ಎಲ್ಲ ಮುಗಿದಿದೆ. ಕಂಕುಳಿನ ಗಂಟುಗಳನ್ನೂ ತೆಗೆದಿದ್ದಾರೆ. ಈಗ ದಿನಾ ಲೆಟ್ರೋಜೋಲ್ ಮಾತ್ರೆ. ಐದು ವರ್ಷ ತೆಗೆದುಕೊಳ್ಳಬೇಕು ಅಂದಿದ್ದಾರೆ.

ಮಾತ್ರೆ ಶುರುವಾಗಿ ಕೆಲವು ತಿಂಗಳಿಗೆ ಕೀಲುನೋವು ಬಂತು. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಆಗುವುದಿಲ್ಲ. ಮಂಡಿ, ಮಣಿಕಟ್ಟು, ಸೊಂಟ ಎಲ್ಲ ಕಡೆ ನೋವು. ರೊಟ್ಟಿ ತಟ್ಟುವುದನ್ನು ಬಿಟ್ಟೇ ಬಿಟ್ಟಿದ್ದಾರೆ. ಪ್ಯಾರಾಸಿಟಮಾಲ್ ತೆಗೆದುಕೊಂಡರೆ ಒಂದೆರಡು ಗಂಟೆ ಪರವಾಗಿಲ್ಲ, ಆಮೇಲೆ ಮತ್ತೆ ಅದೇ. "ಕ್ಯಾನ್ಸರ್ ಹೋಯಿತು, ಈ ಮಾತ್ರೆ ನನ್ನನ್ನು ಮೂಲೆಗೆ ಕೂರಿಸಿತು. ಇನ್ನು ನುಂಗುವುದಿಲ್ಲ" ಅಂತ ಹಟ ಹಿಡಿದಿದ್ದಾರೆ.

ನಮ್ಮ ಸೋದರತ್ತೆ ಆಕ್ಯುಪಂಕ್ಚರ್ (ಸೂಜಿ ಚಿಕಿತ್ಸೆ) ಮಾಡುವವರೊಬ್ಬರ ಬಗ್ಗೆ ಹೇಳಿದರು. ಫೋನ್ ಮಾಡಿ ವಿಚಾರಿಸಿದೆ. ನೋವು ಪೂರ್ತಿ ಹೋಗುತ್ತದೆ, ಆ ಮಾತ್ರೆಯನ್ನೂ ನಿಲ್ಲಿಸಬಹುದು ಅಂದರು. ಮೊದಲನೇ ಮಾತು ಕೇಳಿ ಆಸೆ ಆಯಿತು, ಎರಡನೆಯದು ಕೇಳಿ ಭಯ ಆಯಿತು. ನಿಮ್ಮಲ್ಲಿ ಯಾರಾದರೂ ಮಾಡಿಸಿದ್ದೀರಾ? ಆಪರೇಷನ್ ಆದ ಕಡೆಯ ಕೈಗೆ ಸೂಜಿ ಚುಚ್ಚಬಹುದಾ? ಆಸ್ಪತ್ರೆಯಲ್ಲಿ ಆ ಕೈಗೆ ಬಿಪಿ ಪಟ್ಟಿ ಕೂಡ ಕಟ್ಟಬೇಡಿ ಅಂದಿದ್ದರು.

ಹಸಿರುಬಳೆ

ಭದ್ರಾನಾಲೆ, ನಾನು ನರ್ಸ್. ಕ್ಯಾನ್ಸರ್ ರೋಗಿಗಳ ನೋವು ನೋಡಿಕೊಳ್ಳುವ ವಿಭಾಗದಲ್ಲೇ ಬಹಳ ವರ್ಷದಿಂದ ಕೆಲಸ.

ಮೊದಲು ಮಾತ್ರೆಯ ವಿಷಯ. ಲೆಟ್ರೋಜೋಲನ್ನು ನೀವಾಗಿಯೇ ನಿಲ್ಲಿಸಬೇಡಿ, ಬೇರೆ ಯಾರೋ ಹೇಳಿದರು ಅಂತಲೂ ನಿಲ್ಲಿಸಬೇಡಿ. ಅಮ್ಮನದು ಹಾರ್ಮೋನ್ ಪಾಸಿಟಿವ್ ಗಡ್ಡೆ, ಅಂದರೆ ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನ್‌ನಿಂದ ಬೆಳೆಯುವಂಥದ್ದು ಇದ್ದಿರಬೇಕು, ಅದಕ್ಕೇ ಈ ಮಾತ್ರೆ ಕೊಡುತ್ತಾರೆ. ಮುಟ್ಟು ನಿಂತ ಮೇಲೂ ಮೈಯಲ್ಲಿ ಸ್ವಲ್ಪ ಈಸ್ಟ್ರೋಜನ್ ತಯಾರಾಗುತ್ತಲೇ ಇರುತ್ತದೆ. ಲೆಟ್ರೋಜೋಲ್, ಅನಾಸ್ಟ್ರೋಜೋಲ್, ಎಕ್ಸಿಮೆಸ್ಟೇನ್ ಈ ಮೂರೂ ಅದನ್ನು ತಡೆಯುತ್ತವೆ. ರೋಗ ಮರುಕಳಿಸದಂತೆ ಕಾಯುವುದು ಅದೇ. ಈಸ್ಟ್ರೋಜನ್ ಕಡಿಮೆಯಾದಾಗ ಕೀಲು ಹಿಡಿದುಕೊಳ್ಳುತ್ತದೆ. ತೆಗೆದುಕೊಳ್ಳುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರಿಗೆ ಈ ನೋವು ಬರುತ್ತದೆ. ಅಮ್ಮ ಹಟ ಮಾಡುತ್ತಿಲ್ಲ, ನೋವು ನಿಜವಾಗಿಯೂ ಇದೆ.

ಒಳ್ಳೆಯ ಸುದ್ದಿ ಅಂದರೆ, ಕ್ಯಾನ್ಸರ್‌ಗೆ ಸಂಬಂಧಿಸಿದ ನೋವುಗಳಲ್ಲಿ ಆಕ್ಯುಪಂಕ್ಚರ್ ಬಗ್ಗೆ ಚೆನ್ನಾಗಿ ಪರೀಕ್ಷೆ ನಡೆದಿರುವುದು ಇದೇ ನೋವಿನ ಮೇಲೆ. ಅಮೆರಿಕದಲ್ಲಿ 226 ಹೆಂಗಸರ ಮೇಲೆ ನಡೆದ ಅಧ್ಯಯನ 2018ರಲ್ಲಿ ಜಾಮಾ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಎಲ್ಲರೂ ಅಮ್ಮನ ತರಹವೇ ಈ ಮಾತ್ರೆ ತಿಂದು ಕೀಲುನೋವು ಬಂದವರು. ಕೆಲವರಿಗೆ ನಿಜವಾದ ಆಕ್ಯುಪಂಕ್ಚರ್, ಕೆಲವರಿಗೆ ಬೇರೆ ಜಾಗದಲ್ಲಿ ಮೇಲುಮೇಲೆ ಚುಚ್ಚುವ ತೋರಿಕೆಯದು, ಇನ್ನು ಕೆಲವರಿಗೆ ಏನೂ ಇಲ್ಲ. ಆರು ವಾರ ವಾರಕ್ಕೆ ಎರಡು ಸಲ, ಆಮೇಲೆ ಆರು ವಾರ ವಾರಕ್ಕೆ ಒಂದು ಸಲ. ಹತ್ತರ ಅಳತೆಯಲ್ಲಿ ನೋವು ನಿಜವಾದ ಸೂಜಿಯವರಿಗೆ 2.05 ಇಳಿಯಿತು. ತೋರಿಕೆಯವರಿಗೆ 1.07, ಏನೂ ಇಲ್ಲದವರಿಗೆ 0.99.

ಅಂದರೆ ಪೂರ್ತಿ ಹೋಗುವುದಿಲ್ಲ. ಇಳಿಯುತ್ತದೆ. "ಪೂರ್ತಿ ಹೋಗುತ್ತದೆ" ಅಂದವರ ಹತ್ತಿರ ನಾನಂತೂ ನನ್ನ ಅಮ್ಮನನ್ನು ಕರೆದುಕೊಂಡು ಹೋಗುವುದಿಲ್ಲ.

ಲೆಕ್ಕಪಕ್ಕಾ

ಹಸಿರುಬಳೆ ಮೇಡಂ ಅಂಕಿಗಳನ್ನು ಸರಿಯಾಗಿಯೇ ಕೊಟ್ಟಿದ್ದಾರೆ. ಆದರೆ ಆ ಅಂಕಿಗಳನ್ನೇ ಸ್ವಲ್ಪ ನಿಂತು ನೋಡೋಣ. ನಾನು ಔಷಧ ಪ್ರಯೋಗಗಳ ಡೇಟಾ ಕೆಲಸ ಮಾಡುವವನು.

ನಿಜವಾದದ್ದಕ್ಕೂ ತೋರಿಕೆಯದಕ್ಕೂ ಇರುವ ವ್ಯತ್ಯಾಸ ಹತ್ತರಲ್ಲಿ ಒಂದು ಕೂಡ ಇಲ್ಲ. ಲೆಕ್ಕದಲ್ಲಿ ಅದು ಆಕಸ್ಮಿಕ ಅಲ್ಲ, ಒಪ್ಪುತ್ತೇನೆ. ಆದರೆ ರೋಗಿಗೆ ಅದು ಎಷ್ಟು ತಿಳಿಯುತ್ತದೆ ಅನ್ನುವುದು ಬೇರೆ ಪ್ರಶ್ನೆ. ಆ ಅಧ್ಯಯನ ಮಾಡಿದವರೇ ಈ ಅನುಮಾನ ಬರೆದಿದ್ದಾರೆ. ಸೂಜಿ ಚುಚ್ಚುವವರಿಗೆ ತಾವು ಯಾವುದನ್ನು ಮಾಡುತ್ತಿದ್ದೇವೆ ಅಂತ ಗೊತ್ತಿರುತ್ತದೆ. ಮಾತ್ರೆಯ ಪ್ರಯೋಗದಲ್ಲಿ ಹಾಗಲ್ಲ, ಕೊಡುವವರಿಗೂ ಗೊತ್ತಾಗದಂತೆ ಮಾಡಬಹುದು. ಆಕ್ಯುಪಂಕ್ಚರ್ ಸಂಶೋಧನೆಯ ದೊಡ್ಡ ತೊಡಕು ಇದು.

2015ರಲ್ಲಿ ಕಾಕ್ರೇನ್ ಸಂಸ್ಥೆ ದೊಡ್ಡವರ ಕ್ಯಾನ್ಸರ್ ನೋವಿಗೆ ಆಕ್ಯುಪಂಕ್ಚರ್ ಬಗ್ಗೆ ಆವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿತ್ತು. ಲೆಕ್ಕಕ್ಕೆ ತೆಗೆದುಕೊಳ್ಳಬಹುದಾದದ್ದು ಸಿಕ್ಕಿದ್ದು ಐದೇ ಅಧ್ಯಯನ, ಒಟ್ಟು 285 ಜನ. ಕೆಲಸ ಮಾಡುತ್ತದೆ ಅಥವಾ ಮಾಡುವುದಿಲ್ಲ ಅಂತ ಹೇಳಲು ಇಷ್ಟು ಸಾಲದು ಅಂತ ತೀರ್ಮಾನ ಕೊಟ್ಟರು.

ದುಡ್ಡು, ಬಸ್ಸಿನ ಓಡಾಟ, ಸುಸ್ತು. ಇವೆಲ್ಲ ಲೆಕ್ಕಕ್ಕೆ ಬರಬೇಕಲ್ವಾ?

ಹಾಸನದಿಂದ ನ್ಯೂಜೆರ್ಸಿ

ಲೆಕ್ಕಪಕ್ಕಾ ಅವರೇ, 2015ರ ನಂತರ ಬಹಳ ಆಗಿದೆ. 2020ರಲ್ಲಿ ಜಾಮಾ ಆಂಕಾಲಜಿ ಅನ್ನುವ ಕ್ಯಾನ್ಸರ್ ಪತ್ರಿಕೆಯಲ್ಲಿ 17 ಅಧ್ಯಯನಗಳನ್ನು ಒಟ್ಟಿಗೆ ನೋಡಿದ ವಿಮರ್ಶೆ ಬಂತು. ತೋರಿಕೆಯದಕ್ಕಿಂತ ನಿಜವಾದದ್ದರಲ್ಲಿ ನೋವು ಕಡಿಮೆ ಆಗುತ್ತದೆ, ಸಾಕ್ಷ್ಯದ ಬಲ ಮಧ್ಯಮ ಅಂತ ಹೇಳಿತು. ನೋವಿನ ಔಷಧದ ಜೊತೆಗೆ ಮಾಡಿಸಿದವರಿಗೆ ಔಷಧ ಕಡಿಮೆ ಸಾಕಾಯಿತು ಅಂತಲೂ ಇತ್ತು.

ನನಗೂ ಇದೇ ಕಾಯಿಲೆ ಆಗಿ ಚಿಕಿತ್ಸೆ ಮುಗಿದಿದೆ. ಆಪರೇಷನ್ ಆದ ಮೇಲೆ ಭುಜ ಎತ್ತಲು ಆಗುತ್ತಿರಲಿಲ್ಲ, ಕೂದಲು ಬಾಚಿಕೊಳ್ಳುವುದೂ ಕಷ್ಟ. ಇಲ್ಲಿ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಆಕ್ಯುಪಂಕ್ಚರ್‌ಗೇ ಒಂದು ಕೋಣೆ ಇರುತ್ತದೆ. ಕ್ಯಾನ್ಸರ್ ಡಾಕ್ಟರೇ ಬರೆದುಕೊಟ್ಟರು. ಮಾಡುವವರ ಕಂಪ್ಯೂಟರಿನಲ್ಲಿ ನನ್ನ ರಕ್ತಪರೀಕ್ಷೆ, ಸ್ಕ್ಯಾನ್ ಎಲ್ಲ ಕಾಣುತ್ತಿತ್ತು. ಆಪರೇಷನ್ ಆದ ಕಡೆಯ ಎಡಗೈಗೆ ಒಂದೂ ಸೂಜಿ ಹಾಕಲಿಲ್ಲ. ಇಂಜೆಕ್ಷನ್ ಸೂಜಿಯ ಹಾಗಲ್ಲ ಅದು, ತುಂಬಾ ತೆಳು, ಒಳಗೆ ತೂತು ಇರುವುದಿಲ್ಲ. ಚುಚ್ಚಿದಾಗ ಸೊಳ್ಳೆ ಕಚ್ಚಿದ ಹಾಗೆ. ಆಮೇಲೆ ಆ ಜಾಗದಲ್ಲಿ ಭಾರವಾದ ಹಾಗೆ, ಜುಮ್ ಅಂದ ಹಾಗೆ ಆಗುತ್ತದೆ. ಎರಡು ಸೂಜಿಗೆ ವೈರ್ ಸಿಕ್ಕಿಸಿ ಸಣ್ಣ ಕರೆಂಟ್ ಕೊಡುತ್ತಿದ್ದರು. ಅರ್ಧ ಗಂಟೆ ಮಲಗಿದರೆ ನಿದ್ದೆಯೇ ಬಂದುಬಿಡುತ್ತಿತ್ತು.

ಮೊದಲೆರಡು ವಾರ ಏನೂ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ನಿಧಾನವಾಗಿ ಭುಜ ಸಡಿಲವಾಯಿತು. ಜೊತೆಗೆ ಫಿಸಿಯೋಥೆರಪಿಯೂ ಇತ್ತು. ಯಾವುದರಿಂದ ಎಷ್ಟು ಅಂತ ಬಿಡಿಸಿ ಹೇಳಲಾರೆ. ಆದರೆ ರಾತ್ರಿ ನಿದ್ದೆ ಬಂತು, ನನಗೆ ಅದು ದೊಡ್ಡದು.

ಈ ಕರೆಂಟ್ ಕೊಡುವ ವಿಧಾನವನ್ನು ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯವರು 360 ಜನರ ಮೇಲೆ ಪರೀಕ್ಷಿಸಿದ್ದಾರೆ. ಎಲ್ಲರೂ ಕ್ಯಾನ್ಸರ್ ಗೆದ್ದು ಆಮೇಲೂ ಮೈಕೈ ನೋವು ಉಳಿದುಕೊಂಡವರು. 2021ರಲ್ಲಿ ಫಲಿತಾಂಶ ಬಂತು. ಮಾಮೂಲಿ ಚಿಕಿತ್ಸೆಯವರಿಗಿಂತ ಇವರಿಗೆ ನೋವು ಹತ್ತರಲ್ಲಿ 1.9 ಜಾಸ್ತಿ ಇಳಿದಿತ್ತು. ಕಿವಿಗೆ ಮಾತ್ರ ಸೂಜಿ ಹಾಕಿಸಿಕೊಂಡವರಿಗೆ 1.6 ಇಳಿಯಿತು. ಆದರೆ ಹತ್ತರಲ್ಲಿ ಒಬ್ಬರಷ್ಟು ಜನ ಕಿವಿನೋವು ತಡೆಯಲಾರದೆ ನಡುವೆಯೇ ಬಿಟ್ಟರು.

ಲೆಕ್ಕಪಕ್ಕಾ

ಅಕ್ಕ, ನಿಮಗೆ ಆರಾಮಾಗಿದ್ದು ಕೇಳಿ ಸಂತೋಷ. 360 ಜನರ ಆ ಅಧ್ಯಯನ ಒಳ್ಳೆಯದೇ. ಆದರೆ ಅದರಲ್ಲಿ ತೋರಿಕೆಯ ಸೂಜಿಯ ಗುಂಪು ಇರಲಿಲ್ಲ. ಮಲಗಿಸಿ, ಮಾತಾಡಿಸಿ, ವಾರ ವಾರ ನೋಡಿಕೊಂಡರೆ ಸಿಗುವ ಸಮಾಧಾನವೂ ಆ 1.9ರಲ್ಲಿ ಸೇರಿದೆ. ಅದು ಬೇಡ ಅನ್ನುತ್ತಿಲ್ಲ. ಅದಕ್ಕೆ ಸೂಜಿಯೇ ಬೇಕಾ ಅನ್ನುವುದು ನನ್ನ ಪ್ರಶ್ನೆ.

ಭೀಮಾತೀರ

ಈ ಚರ್ಚೆ ಓದಿ ಸುಮ್ನೆ ಇರಲು ಆಗಲಿಲ್ಲ. ನಾನು ಕಲಬುರಗಿ ಕಡೆಯವನು.

ನಮ್ಮಪ್ಪನಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಹೊಟ್ಟೆಯಿಂದ ಬೆನ್ನಿಗೆ ಇರಿದ ಹಾಗೆ ನೋವು. ಆಸ್ಪತ್ರೆಯಲ್ಲಿ ಮಾರ್ಫಿನ್ ಮಾತ್ರೆ ಕೊಟ್ಟಿದ್ದರು, ನಾಲ್ಕು ತಾಸಿಗೊಮ್ಮೆ. ಅದರ ಮೇಲೆ ಅಪ್ಪ ಎದ್ದು ಕೂತು ಊಟ ಮಾಡುತ್ತಿದ್ದ, ಹೊಲದ ಸುದ್ದಿ ಕೇಳುತ್ತಿದ್ದ. ನಡುವೆ ಯಾರದೋ ಮಾತು ಕೇಳಿ ಸೂಜಿ ಚಿಕಿತ್ಸೆಯವರ ಹತ್ತಿರ ಹೋದ. ಅವರು ಅಪ್ಪನಿಗೆ ಮಾರ್ಫಿನ್ ಅಂದರೆ ಅಫೀಮು, ವಿಷ, ಅದು ಮೈಯಲ್ಲಿ ಇರುವವರೆಗೆ ಸೂಜಿ ಕೆಲಸ ಮಾಡುವುದಿಲ್ಲ ಅಂತ ಹೇಳಿದರಂತೆ. ಅಪ್ಪ ಮನೆಯಲ್ಲಿ ಯಾರಿಗೂ ಹೇಳದೆ ಒಂದೇ ಸಲಕ್ಕೆ ಬಿಟ್ಟುಬಿಟ್ಟ. ಆ ರಾತ್ರಿಗಳನ್ನು ನಾನು ಬರೆಯಲಾರೆ. ನೋವು ಒಂದು ಕಡೆ, ಬೆವರು, ನಡುಕ, ಭೇದಿ ಇನ್ನೊಂದು ಕಡೆ. ವಿಷ ಹೊರಗೆ ಹೋಗುತ್ತಿದೆ ಅಂತ ಫೋನಿನಲ್ಲಿ ಹೇಳಿದರು ಆ ಮನುಷ್ಯ.

ಕೊನೆಗೆ ಪ್ಯಾಲಿಯೇಟಿವ್ ಕೇರ್, ಅಂದರೆ ನೋವು ತಗ್ಗಿಸಿ ಆರೈಕೆ ಮಾಡುವ ಡಾಕ್ಟರ ಹತ್ತಿರ ಹೋದಾಗ ಅವರು ಮತ್ತೆ ಮಾರ್ಫಿನ್ ಶುರು ಮಾಡಿದರು. ಹೊಟ್ಟೆಯ ಹಿಂದಿನ ನರದ ಗಂಟಿಗೆ ಇಂಜೆಕ್ಷನ್ ಕೊಟ್ಟು ನೋವಿನ ದಾರಿಯನ್ನೇ ತಡೆದರು. ಆಮೇಲೆ ಅಪ್ಪ ಇದ್ದಷ್ಟು ದಿನ ನೆಮ್ಮದಿಯಿಂದ ಇದ್ದ.

ಆಕ್ಯುಪಂಕ್ಚರ್ ಒಳ್ಳೆಯದೋ ಕೆಟ್ಟದ್ದೋ ನನಗೆ ಗೊತ್ತಿಲ್ಲ. ಔಷಧ ಬಿಡಿ ಅನ್ನುವವರ ಬಾಗಿಲು ತುಳಿಯಬೇಡಿ ಅಂತ ಮಾತ್ರ ಕೈಮುಗಿದು ಹೇಳುತ್ತೇನೆ.

ಹಸಿರುಬಳೆ

ಭೀಮಾತೀರ ಅಣ್ಣ, ಓದಿ ಕರುಳು ಕಿವುಚಿತು. ಇಂಥದ್ದನ್ನು ನಮ್ಮ ವಿಭಾಗದಲ್ಲಿ ನೋಡುತ್ತಲೇ ಇರುತ್ತೇವೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

"ಕ್ಯಾನ್ಸರ್ ನೋವು" ಅಂತ ಒಂದೇ ನೋವು ಇಲ್ಲ. ಗಡ್ಡೆ ಬೆಳೆದು ಒತ್ತುವ ನೋವು ಬೇರೆ. ಮೂಳೆಗೆ ಹರಡಿದಾಗಿನ ನೋವು ಬೇರೆ. ನರಕ್ಕೆ ತಾಗಿದ್ದರೆ ಉರಿ, ಕರೆಂಟ್ ಹೊಡೆದ ಹಾಗೆ. ಆಪರೇಷನ್, ಕಿಮೋ, ರೇಡಿಯೇಷನ್, ಮಾತ್ರೆ ಇವುಗಳಿಂದ ಬರುವ ನೋವುಗಳು ಇನ್ನೊಂದು ಗುಂಪು. ಭದ್ರಾನಾಲೆಯವರ ಅಮ್ಮನ ನೋವು ಈ ಕೊನೆಯ ಗುಂಪಿನದು. ಭೀಮಾತೀರ ಅವರ ತಂದೆಯದು ಮೊದಲನೆಯದು. ಇಬ್ಬರಿಗೂ ಒಂದೇ ಮದ್ದು ಹೇಳುವವರಿಗೆ ನೋವು ಅಂದರೆ ಏನೆಂದೇ ಗೊತ್ತಿಲ್ಲ.

ಗಡ್ಡೆಯ ನೋವಿಗೆ ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಮೂರು ಮೆಟ್ಟಿಲಿನ ಕ್ರಮ ಕೊಟ್ಟಿತು. ಮೊದಲು ಪ್ಯಾರಾಸಿಟಮಾಲ್ ತರಹದ್ದು, ಸಾಲದಿದ್ದರೆ ಟ್ರಮಡಾಲ್ ಅಥವಾ ಕೊಡೀನ್, ಇನ್ನೂ ಸಾಲದಿದ್ದರೆ ಮಾರ್ಫಿನ್. ಬಾಯಿಂದ ಕೊಡಬೇಕು. ಗಡಿಯಾರ ನೋಡಿ ಕೊಡಬೇಕು, ನೋವು ಬರಲಿ ಅಂತ ಕಾಯಬಾರದು. ಈಗ ಜೋರು ನೋವಿದ್ದರೆ ನೇರವಾಗಿ ಮಾರ್ಫಿನ್‌ಗೇ ಹೋಗುತ್ತಾರೆ.

ಮಾರ್ಫಿನ್ ಬಗ್ಗೆ ಜನರಲ್ಲಿ ಇರುವ ಹೆದರಿಕೆ ದೊಡ್ಡದು. ಕ್ಯಾನ್ಸರ್ ನೋವಿಗೆ ಡಾಕ್ಟರ್ ಹೇಳಿದ ಲೆಕ್ಕದಲ್ಲಿ ತೆಗೆದುಕೊಳ್ಳುವವರು ಚಟಕ್ಕೆ ಬೀಳುವುದು ಬಹಳ ಅಪರೂಪ. ಮೊದಲ ಕೆಲವು ದಿನ ತೂಕಡಿಕೆ, ವಾಕರಿಕೆ ಇರುತ್ತದೆ, ಆಮೇಲೆ ಕಡಿಮೆಯಾಗುತ್ತದೆ. ಮಲಬದ್ಧತೆ ಮಾತ್ರ ಹೋಗುವುದಿಲ್ಲ. ಅದಕ್ಕೆ ಮೊದಲ ದಿನದಿಂದಲೇ ಮಲ ಸಡಿಲ ಮಾಡುವ ಔಷಧ ಜೊತೆಗೆ ಇರಬೇಕು. ಒಂದೇ ಸಲಕ್ಕೆ ನಿಲ್ಲಿಸಬಾರದು, ಇಳಿಸುತ್ತಾ ಬರಬೇಕು. ಭೀಮಾತೀರ ಅವರ ತಂದೆಗೆ ಬಂದ ಬೆವರು, ನಡುಕ ಎಲ್ಲ ಹಠಾತ್ತಾಗಿ ನಿಲ್ಲಿಸಿದ್ದರಿಂದ. ವಿಷ ಹೋಗುವುದೂ ಅಲ್ಲ, ಮಣ್ಣೂ ಅಲ್ಲ.

ಒಂದು ಸಂಕಟದ ಮಾತು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರವೇ ಲೈಸೆನ್ಸ್ ಕೊಟ್ಟು ಅಫೀಮು ಬೆಳೆಸುತ್ತದೆ. ಅದು ಬೇರೆ ದೇಶಗಳ ಔಷಧಕ್ಕೂ ಹೋಗುತ್ತದೆ. ನಮ್ಮ ರೋಗಿಗೆ ಮಾತ್ರ ಮಾರ್ಫಿನ್ ಸಿಗುವುದು ಕಷ್ಟ. 1985ರ ಮಾದಕವಸ್ತು ಕಾಯ್ದೆಯ ಬಿಗಿಯಿಂದ ಆಸ್ಪತ್ರೆಗಳು ಇಟ್ಟುಕೊಳ್ಳಲೇ ಹೆದರಿದವು. 2014ರಲ್ಲಿ ತಿದ್ದುಪಡಿ ಆದಮೇಲೆ ನಿಯಮ ಸಡಿಲವಾಗಿದೆ, ಮಾನ್ಯತೆ ಪಡೆದ ಸಂಸ್ಥೆಗಳು ಇಟ್ಟುಕೊಳ್ಳಬಹುದು. ಆದರೂ ಎಲ್ಲ ಜಿಲ್ಲೆಯಲ್ಲೂ ಸುಲಭವಾಗಿ ಸಿಗುತ್ತದೆ ಅಂತ ಹೇಳುವ ಹಾಗಿಲ್ಲ. ಆ ಖಾಲಿ ಜಾಗದಲ್ಲೇ "ಎಲ್ಲ ವಾಸಿ ಮಾಡುತ್ತೇನೆ" ಅನ್ನುವವರು ಬಂದು ಕೂರುತ್ತಾರೆ.

ಮೂಳೆಗೆ ಹರಡಿದ ನೋವಿಗೆ ಒಂದೇ ದಿನದ ರೇಡಿಯೇಷನ್ ಕೂಡ ಬಹಳ ಜನರಿಗೆ ಆರಾಮ ಕೊಡುತ್ತದೆ. 8 ಗ್ರೇ ಪ್ರಮಾಣದ್ದು, ಒಂದು ಸಲ. ಹಣ, ಓಡಾಟ ಎರಡೂ ಉಳಿಯುತ್ತವೆ. ಕೇಳಿ ನೋಡಿ. ಬೆಂಗಳೂರಿನವರಿಗೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ನೋವಿನ ಚಿಕಿತ್ಸೆಗೆ ವಿಭಾಗವೇ ಇದೆ. ಮನೆಯಲ್ಲಿ ನೋಡಿಕೊಳ್ಳಲು ಆಗದ ಹಂತಕ್ಕೆ ಬಂದವರನ್ನು ಕರುಣಾಶ್ರಯ ಅನ್ನುವ ಆರೈಕೆ ಕೇಂದ್ರ 1999ರಿಂದ ಉಚಿತವಾಗಿ ನೋಡಿಕೊಳ್ಳುತ್ತಿದೆ.

ಮಂಡ್ಯದ ವೈದ್ಯ

ನಾನು ಎಂಬಿಬಿಎಸ್ ಮಾಡಿ ಆಮೇಲೆ ಆಕ್ಯುಪಂಕ್ಚರ್ ಕಲಿತವನು. ಮಂಡಿ, ಬೆನ್ನು, ತಲೆನೋವಿನವರು ಜಾಸ್ತಿ ಬರುತ್ತಾರೆ, ಕ್ಯಾನ್ಸರ್ ಆದವರೂ ಬರುತ್ತಾರೆ. ಭೀಮಾತೀರ ಅವರು ಹೇಳಿದ್ದು ಕೇಳಿ ಸಿಟ್ಟು ಬಂತು. ಮಾರ್ಫಿನ್ ಇದ್ದರೆ ಸೂಜಿ ಕೆಲಸ ಮಾಡುವುದಿಲ್ಲ ಅನ್ನುವುದು ಸುಳ್ಳು. ಔಷಧ ನಡೆಯುತ್ತಿರುವಾಗಲೇ ಮಾಡಿದ ಅಧ್ಯಯನಗಳು ಎಷ್ಟೋ ಇವೆ.

ಲೆಕ್ಕಪಕ್ಕಾ ಅವರ ಪ್ರಶ್ನೆ ನ್ಯಾಯವಾದದ್ದು. ಹಳೆಯ ಚೀನೀ ಪುಸ್ತಕಗಳು "ಚಿ" ಅನ್ನುವ ಶಕ್ತಿ ನಾಳಗಳಲ್ಲಿ ಹರಿಯುತ್ತದೆ ಅನ್ನುತ್ತವೆ. ನಾಳಗಳನ್ನು ಮೈಯೊಳಗೆ ಯಾರೂ ಕಂಡಿಲ್ಲ. ನಾನು ರೋಗಿಗೆ ಆ ಮಾತು ಹೇಳುವುದಿಲ್ಲ. ಆದರೆ ಸೂಜಿಯಿಂದ ಮೈಯಲ್ಲಿ ಏನೂ ಆಗುವುದಿಲ್ಲ ಅನ್ನುವುದೂ ಸರಿಯಲ್ಲ. 1977ರಲ್ಲಿ ಒಂದು ಪ್ರಯೋಗ ನಡೆಯಿತು. ಆಕ್ಯುಪಂಕ್ಚರ್‌ನಿಂದ ಹಲ್ಲಿನ ನೋವು ಕಡಿಮೆಯಾದವರಿಗೆ ನಲೋಕ್ಸೋನ್ ಕೊಟ್ಟರು. ಅದು ಮಾರ್ಫಿನ್ ಪರಿಣಾಮವನ್ನು ತಡೆಯುವ ಔಷಧ. ಕೊಟ್ಟ ಕೂಡಲೇ ಸೂಜಿಯ ಪರಿಣಾಮವೂ ಹೋಯಿತು. ಅಂದರೆ ಮೈ ತಾನೇ ತಯಾರಿಸುವ, ಮಾರ್ಫಿನ್ ತರಹ ನೋವು ತಗ್ಗಿಸುವ ಎಂಡಾರ್ಫಿನ್‌ಗಳು ಇದರಲ್ಲಿ ಕೆಲಸ ಮಾಡುತ್ತಿರಬೇಕು. ಬೀಜಿಂಗಿನ ವಿಜ್ಞಾನಿ ಹಾನ್ ಜಿಶೆಂಗ್ ಕರೆಂಟ್ ಕೊಡುವ ವೇಗ ಬದಲಿಸಿದರೆ ಬೇರೆ ಬೇರೆ ರಾಸಾಯನಿಕ ಬಿಡುಗಡೆಯಾಗುತ್ತದೆ ಅಂತ ತೋರಿಸಿದರು. 2010ರಲ್ಲಿ ಇಲಿಗಳ ಮೇಲೆ ನಡೆದ ಕೆಲಸದಲ್ಲಿ ಸೂಜಿ ತಿರುಗಿಸಿದ ಜಾಗದಲ್ಲಿ ಅಡೆನೋಸಿನ್ ಅನ್ನುವ ರಾಸಾಯನಿಕ ಜಾಸ್ತಿಯಾಗಿ ನೋವು ತಗ್ಗಿದ್ದು ಕಂಡಿತು.

ಇದೆಲ್ಲ ಇದ್ದರೂ ನೋವು ಎಷ್ಟು ಇಳಿಯುತ್ತದೆ ಅನ್ನುವ ವಿಷಯದಲ್ಲಿ ನಾನು ಲೆಕ್ಕಪಕ್ಕಾ ಅವರ ಪಕ್ಕದಲ್ಲೇ ಇದ್ದೇನೆ. ಸಾಧಾರಣ. ಕೆಲವರಿಗೆ ಚೆನ್ನಾಗಿ, ಕೆಲವರಿಗೆ ಏನೂ ಇಲ್ಲ. ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ 2022ರಲ್ಲಿ ಕೊಟ್ಟ ಮಾರ್ಗಸೂಚಿ ಕೂಡ ಹಾಗೇ ಇದೆ. ಭದ್ರಾನಾಲೆಯವರ ಅಮ್ಮನಿಗಿರುವಂಥ ಕೀಲುನೋವಿಗೆ ಆಕ್ಯುಪಂಕ್ಚರ್ ಶಿಫಾರಸು ಮಾಡಿ ಅನ್ನುತ್ತದೆ. ಉಳಿದ ಕ್ಯಾನ್ಸರ್ ನೋವುಗಳಿಗೆ ಬೇಕಿದ್ದರೆ ಕೊಡಬಹುದು ಅಂತ ಮೆತ್ತಗೆ ಹೇಳುತ್ತದೆ.

ಭದ್ರಾನಾಲೆಯವರೇ, ಎಡಗೈಗೆ ಬೇಡ. ಕಂಕುಳಿನ ಗಂಟು ತೆಗೆದ ಕೈಯಲ್ಲಿ ನೀರು ತುಂಬಿ ಬಾವು ಬರುವ ಅಪಾಯ ಇರುತ್ತದೆ. ನಾನು ಅಂಥ ಕೈಗೆ ಸೂಜಿ ಹಾಕುವುದಿಲ್ಲ, ಇನ್ನೊಂದು ಕೈ, ಕಾಲು, ಕಿವಿಯಲ್ಲಿ ಮಾಡುತ್ತೇನೆ. ಪ್ಲೇಟ್‌ಲೆಟ್ 50 ಸಾವಿರಕ್ಕಿಂತ ಕಡಿಮೆ ಇದ್ದರೆ, ಬಿಳಿ ರಕ್ತಕಣ ತೀರಾ ಇಳಿದಿದ್ದರೆ ವಾಪಸ್ ಕಳಿಸುತ್ತೇನೆ. ಗಡ್ಡೆ ಇರುವ ಜಾಗ, ರೇಡಿಯೇಷನ್‌ನಿಂದ ಸುಟ್ಟ ಚರ್ಮ, ಕ್ಯಾನ್ಸರ್ ಹರಡಿ ಟೊಳ್ಳಾದ ಬೆನ್ನುಮೂಳೆಯ ಸುತ್ತಮುತ್ತ ಮುಟ್ಟುವುದೇ ಇಲ್ಲ. ಪೇಸ್‌ಮೇಕರ್ ಇದ್ದವರಿಗೆ ಕರೆಂಟ್ ಇಲ್ಲ. ಎದೆ, ಭುಜದ ಮೇಲ್ಭಾಗದಲ್ಲಿ ಆಳಕ್ಕೆ ಚುಚ್ಚಿದರೆ ಶ್ವಾಸಕೋಶಕ್ಕೆ ತಾಗಬಹುದು. ಅಪರೂಪ, ಆದರೆ ಆಗಿದೆ. ಸೂಜಿ ನಿಮ್ಮ ಎದುರೇ ಪ್ಯಾಕೆಟ್ ಒಡೆದು ತೆಗೆಯಬೇಕು, ಆದಮೇಲೆ ಬಿಸಾಡಬೇಕು.

ಯಾರ ಹತ್ತಿರ ಹೋಗಬೇಕು ಅನ್ನುವುದೇ ನಮ್ಮಲ್ಲಿ ಕಷ್ಟ. ಕೇಂದ್ರ ಆರೋಗ್ಯ ಇಲಾಖೆ 2003ರಲ್ಲಿ ಇದನ್ನು ಚಿಕಿತ್ಸಾ ಕ್ರಮ ಅಂತ ಒಪ್ಪಿತು, 2019ರಲ್ಲಿ ಸ್ವತಂತ್ರ ಪದ್ಧತಿ ಅಂತ ಮಾನ್ಯತೆ ಕೊಟ್ಟಿತು. ಆದರೂ ವಾರದ ಕೋರ್ಸ್ ಮಾಡಿ ಬೋರ್ಡ್ ಹಾಕಿದವರು ಇದ್ದಾರೆ. ಎಲ್ಲಿ ಕಲಿತಿರಿ, ಎಷ್ಟು ವರ್ಷ ಅಂತ ಕೇಳಲು ಸಂಕೋಚ ಬೇಡ. ರಕ್ತಪರೀಕ್ಷೆಯ ರಿಪೋರ್ಟ್ ಕೇಳದೆ ಸೂಜಿ ತೆಗೆದರೆ ಎದ್ದು ಬನ್ನಿ.

ಸೊಲ್ಲಾಪುರ ಗಲ್ಲಿ

ಚರ್ಚೆಗೆ ಅಡ್ಡ ಬರುತ್ತಿದ್ದೇನೆ, ಕ್ಷಮಿಸಿ. ನಮ್ಮ ಸೊಲ್ಲಾಪುರದ ಡಾಕ್ಟರ್ ದ್ವಾರಕಾನಾಥ ಕೋಟ್ನಿಸ್ 1938ರಲ್ಲಿ ಯುದ್ಧದ ಗಾಯಾಳುಗಳ ಸೇವೆಗೆ ಚೀನಾಕ್ಕೆ ಹೋದರಲ್ಲ, ಅದೇ ತಂಡದಲ್ಲಿ ಬಿಜೊಯ್ ಕುಮಾರ್ ಬಸು ಅಂತ ಬಂಗಾಳದ ಡಾಕ್ಟರ್ ಇದ್ದರು. ಕೋಟ್ನಿಸ್ ಅಲ್ಲೇ ತೀರಿಕೊಂಡರು. ಬಸು ಮುಂದೆ ಮತ್ತೆ ಚೀನಾಕ್ಕೆ ಹೋಗಿ ಆಕ್ಯುಪಂಕ್ಚರ್ ಕಲಿತು, 1959ರಲ್ಲಿ ಕೋಲ್ಕತ್ತದಲ್ಲಿ ಶುರು ಮಾಡಿದರು. ನಮ್ಮ ದೇಶಕ್ಕೆ ಇದು ಬಂದ ದಾರಿ ಅದು.

ಕಡಲತಡಿ

ಓದುತ್ತಾ ಒಂದು ಪ್ರಶ್ನೆ ಬಂತು. ನಮ್ಮದು ಕುಂದಾಪುರದ ಒಳಗಿನ ಹಳ್ಳಿ. ಮಾವನಿಗೆ ಕ್ಯಾನ್ಸರ್ ಮುಂದುವರಿದ ಹಂತ. ಔಷಧ ನಡೆಯುತ್ತಿದೆ, ಮಾರ್ಫಿನ್ ಕೂಡ ಇದೆ. ಆದರೂ ಕಾಲು, ಸೊಂಟ ಹಿಡಿದುಕೊಳ್ಳುತ್ತದೆ. ವಾರಕ್ಕೊಮ್ಮೆ ಪೇಟೆಗೆ ಕರೆದುಕೊಂಡು ಹೋಗಿ ಸೂಜಿ ಹಾಕಿಸುವ ತ್ರಾಣ ಅವರಿಗೂ ಇಲ್ಲ, ನಮಗೂ ಇಲ್ಲ ಮಾರಾಯ್ರೆ. ಅತ್ತೆ ರಾತ್ರಿ ಎಣ್ಣೆ ಹಚ್ಚಿ ಕಾಲು ನೀವುತ್ತಾರೆ. ಅದು ಮಾಡಬಹುದಾ? ಕ್ಯಾನ್ಸರ್ ಹರಡುತ್ತದೆ ಅಂತ ಯಾರೋ ಹೆದರಿಸಿದ್ದಾರೆ.

ಹಾಸನದಿಂದ ನ್ಯೂಜೆರ್ಸಿ

ನಿಮ್ಮ ಪ್ರಶ್ನೆಗೆ ಹತ್ತಿರದ ಅಧ್ಯಯನವೇ ಇದೆ. 2023ರಲ್ಲಿ ಬಂದದ್ದು. ಮುಂದುವರಿದ ಕ್ಯಾನ್ಸರ್ ಇರುವ 298 ಜನ. ಅರ್ಧ ಜನಕ್ಕೆ ಆಕ್ಯುಪಂಕ್ಚರ್, ಅರ್ಧ ಜನಕ್ಕೆ ಮಸಾಜ್. ಹತ್ತು ವಾರ ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ, ಒಟ್ಟು 26 ವಾರ. ಎರಡೂ ಗುಂಪಿನಲ್ಲಿ ನೋವು ಇಳಿಯಿತು. ಎರಡರ ನಡುವೆ ಹೇಳಿಕೊಳ್ಳುವ ವ್ಯತ್ಯಾಸವೇ ಇರಲಿಲ್ಲ. ಮಸಾಜ್ ಮಾಡಿದವರು ತರಬೇತಿ ಇದ್ದವರು, ಅದು ನೆನಪಿರಲಿ.

ಲೆಕ್ಕಪಕ್ಕಾ

ಇದೇ ನಾನು ಹೇಳಲು ಹೊರಟಿದ್ದು. ಮುಟ್ಟಿ, ನೀವಿ, ಪಕ್ಕದಲ್ಲಿ ಕೂತರೆ ನೋವು ಅಷ್ಟೇ ಇಳಿಯುವುದಾದರೆ, ಕಡಲತಡಿಯವರ ಅತ್ತೆ ಮಾಡುತ್ತಿರುವುದು ಸಣ್ಣ ಕೆಲಸ ಅಲ್ಲ.

ಹಸಿರುಬಳೆ

ಮೆತ್ತಗೆ ನೀವಿದರೆ ಕ್ಯಾನ್ಸರ್ ಹರಡುವುದಿಲ್ಲ. ಆ ಹೆದರಿಕೆ ಬಿಡಿ. ಆದರೆ ಗಟ್ಟಿಯಾಗಿ ತಿಕ್ಕುವುದು, ಮುರಿಯುವುದು, ನೆಟಿಕೆ ತೆಗೆಯುವುದು ಬೇಡ. ಕ್ಯಾನ್ಸರ್ ಮೂಳೆಗೆ ಹರಡಿದ್ದರೆ ಮೂಳೆಯೇ ಮುರಿದೀತು. ಗಡ್ಡೆಯ ಮೇಲೆ, ಗಾಯದ ಮೇಲೆ ಬೇಡ. ಒಂದೇ ಕಾಲು ಹಠಾತ್ತಾಗಿ ಊದಿ, ಬಿಸಿಯಾಗಿ, ಮೀನಖಂಡ ನೋಯುತ್ತಿದ್ದರೆ ಮುಟ್ಟಲೇಬೇಡಿ, ಅದೇ ದಿನ ಡಾಕ್ಟರಿಗೆ ತೋರಿಸಿ. ರಕ್ತ ಹೆಪ್ಪುಗಟ್ಟಿರಬಹುದು. ಬೆನ್ನುನೋವಿನ ಜೊತೆ ಎರಡೂ ಕಾಲಿನ ಶಕ್ತಿ ಹೋದರೆ ಅಥವಾ ಮೂತ್ರ ಕಟ್ಟಿದರೆ ಆಗಲೂ ಅಷ್ಟೇ, ಒಂದು ರಾತ್ರಿ ಕೂಡ ಕಾಯಬೇಡಿ. ಬೆನ್ನುಹುರಿ ಒತ್ತುತ್ತಿರುವ ಲಕ್ಷಣ ಅದು.

ಔಷಧ ಇದ್ದೂ ನೋವಿದೆ ಅಂದಿರಲ್ಲ. ಯಾವ ಹೊತ್ತಿಗೆ ಬರುತ್ತದೆ, ಹತ್ತರಲ್ಲಿ ಎಷ್ಟು, ಮಾತ್ರೆ ತೆಗೆದುಕೊಂಡ ಎಷ್ಟು ಹೊತ್ತಿಗೆ ಇಳಿಯಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅದನ್ನು ನೋಡಿ ಡೋಸ್ ಸರಿ ಮಾಡುವುದು ಸುಲಭ. ನಡುವೆ ನೋವು ಎದ್ದಾಗ ಹೆಚ್ಚುವರಿ ಡೋಸ್ ಕೊಡಲು ಬರೆದುಕೊಡುತ್ತಾರೆ. "ಸಹಿಸಿಕೊಂಡಿದ್ದೇವೆ" ಅಂತ ಡಾಕ್ಟರ ಮುಂದೆ ಹೇಳಬೇಡಿ. ನಮ್ಮ ಗಂಡಸರು ಅದನ್ನೇ ಹೇಳುತ್ತಾರೆ.

ಭದ್ರಾನಾಲೆ

ಎಲ್ಲರಿಗೂ ಧನ್ಯವಾದ. ಅಮ್ಮನಿಗೆ ಓದಿ ಹೇಳಿದೆ. ಅರ್ಧದಷ್ಟು ಹೆಂಗಸರಿಗೆ ಈ ನೋವು ಬರುತ್ತದೆ ಅಂದಾಗ "ಹಾಗಾದರೆ ನನಗೆ ಮೂಳೆಗೆ ಹರಡಿಲ್ಲವಾ?" ಅಂತ ಕೇಳಿದರು. ಇಷ್ಟು ದಿನ ಆ ಹೆದರಿಕೆಯನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರು. ಹರಡಿಲ್ಲ ಅಂತ ಡಾಕ್ಟರ ಬಾಯಿಂದಲೇ ಹೇಳಿಸಬೇಕು ಅಂದುಕೊಂಡಿದ್ದೇನೆ.

ಸೂಜಿಗೆ ಹೋಗುವ ಮೊದಲು ಬೇರೆ ಏನಾದರೂ ದಾರಿ ಇದೆಯಾ? ಮಾತ್ರೆ ಬದಲಿಸಲು ಆಗುತ್ತದಾ?

ಮಂಡ್ಯದ ವೈದ್ಯ

ಆಗುತ್ತದೆ. ಹಸಿರುಬಳೆಯವರು ಹೇಳಿದ ಆ ಮೂರು ಮಾತ್ರೆಗಳಲ್ಲಿ ಒಂದು ಒಗ್ಗದಿದ್ದರೆ ಇನ್ನೊಂದು ಒಗ್ಗುವುದುಂಟು. ಕೆಲವರಿಗೆ ಟಾಮೋಕ್ಸಿಫೆನ್ ಅನ್ನುವ ಬೇರೆ ಬಗೆಯ ಹಾರ್ಮೋನ್ ಮಾತ್ರೆಗೆ ಬದಲಿಸುತ್ತಾರೆ. ಅದು ಕ್ಯಾನ್ಸರ್ ಡಾಕ್ಟರ ತೀರ್ಮಾನ. ಡುಲೋಕ್ಸೆಟಿನ್ ಅನ್ನುವ ಮಾತ್ರೆಯೂ ಈ ಕೀಲುನೋವಿಗೆ ಸ್ವಲ್ಪ ಕೆಲಸ ಮಾಡುತ್ತದೆ. ಮೂಳೆ ಸವೆತದ ಪರೀಕ್ಷೆ, ವಿಟಮಿನ್ ಡಿ ಕೂಡ ನೋಡಿಸಿ, ಲೆಟ್ರೋಜೋಲ್ ಮೂಳೆ ತೆಳುಮಾಡುತ್ತದೆ.

ಮತ್ತೆ ವ್ಯಾಯಾಮ. ಈ ಮಾತು ಕೇಳಿದರೆ ನೋವಿರುವವರಿಗೆ ಕೋಪ ಬರುತ್ತದೆ, ಗೊತ್ತು. ಆದರೆ ಇದೇ ನೋವಿರುವ 121 ಹೆಂಗಸರ ಮೇಲೆ ಒಂದು ವರ್ಷ ನಡೆದ ಅಧ್ಯಯನದಲ್ಲಿ, ಬಿರುಸಾದ ನಡಿಗೆ ಮತ್ತು ವಾರಕ್ಕೆರಡು ಸಲ ಭಾರ ಎತ್ತುವ ವ್ಯಾಯಾಮ ಮಾಡಿದವರಿಗೆ ತೀವ್ರ ನೋವು ಸುಮಾರು ಶೇ 29 ಇಳಿಯಿತು. ಸುಮ್ಮನಿದ್ದವರಿಗೆ ಇಳಿಯಲಿಲ್ಲ. ಹೊಟ್ಟೆಪಾಡಿಗೆ ಸೂಜಿ ಹಿಡಿದವನು ಹೇಳುತ್ತಿದ್ದೇನೆ, ಮೊದಲು ನಡಿಗೆ ಶುರು ಮಾಡಿಸಿ. ಬೆಳಗಿನ ಬಿಗಿತಕ್ಕೆ ಬಿಸಿನೀರಿನಲ್ಲಿ ಕೈ ಅದ್ದಿ ಬೆರಳು ಮಡಚಿ ಬಿಡಿಸಲಿ. ಎಡಗೈಗೆ ತೀರಾ ಬಿಸಿ ಬೇಡ.

ಇಷ್ಟು ಮಾಡಿಯೂ ನೋವು ಉಳಿದರೆ ಆಕ್ಯುಪಂಕ್ಚರ್ ಸೇರಿಸಿ. ಆರು ವಾರ ನೋಡಿ. ಏನೂ ಬದಲಾಗದಿದ್ದರೆ ನಿಲ್ಲಿಸಿ. ಇನ್ನೂ ಮೂರು ತಿಂಗಳು ಬನ್ನಿ ಅಂತ ಎಳೆಯುವವರಿಗೆ ದುಡ್ಡು ಹಾಕಬೇಡಿ.

ಮಲೆನಾಡ ಹುಡುಗಿ

ನಾನೂ ಒಂದು ಕೇಳಬಹುದಾ? ಚಿಕ್ಕಮ್ಮನಿಗೆ ದೊಡ್ಡಕರುಳಿನ ಕ್ಯಾನ್ಸರ್, ಆಕ್ಸಾಲಿಪ್ಲಾಟಿನ್ ಕಿಮೋ ನಡೆಯುತ್ತಿದೆ. ಕೈಕಾಲು ಜೋಮು ಹಿಡಿದ ಹಾಗೆ, ತಣ್ಣೀರು ಮುಟ್ಟಿದರೆ ಮುಳ್ಳು ಚುಚ್ಚಿದ ಹಾಗೆ. ನೆಲ ಎಲ್ಲಿದೆ ಅಂತ ಪಾದಕ್ಕೆ ಗೊತ್ತಾಗುವುದಿಲ್ಲ ಅನ್ನುತ್ತಾರೆ. ಇದಕ್ಕೆ ಆಕ್ಯುಪಂಕ್ಚರ್ ಆಗುತ್ತದಾ? ಕಳೆದ ಸಲ ಪ್ಲೇಟ್‌ಲೆಟ್ ಕಡಿಮೆ ಇದೆ ಅಂತ ಕಿಮೋ ಒಂದು ವಾರ ಮುಂದೂಡಿದ್ದರು.

ಹಸಿರುಬಳೆ

ತಂಗಿ, ಇದನ್ನು ಮೊದಲು ಕಿಮೋ ಡಾಕ್ಟರಿಗೆ ಹೇಳಿ. ಮುಂದಿನ ಡೋಸ್ ಹಾಕುವ ಮೊದಲೇ ಹೇಳಿ. ಜೋಮು ಜಾಸ್ತಿಯಾಗುತ್ತಿದ್ದರೆ ಆಕ್ಸಾಲಿಪ್ಲಾಟಿನ್ ಪ್ರಮಾಣ ಇಳಿಸುತ್ತಾರೆ ಅಥವಾ ನಿಲ್ಲಿಸುತ್ತಾರೆ. ಕೆಲವರು ಕಿಮೋ ನಿಲ್ಲಿಸಿಬಿಟ್ಟಾರು ಅಂತ ಹೆದರಿ ಮುಚ್ಚಿಡುತ್ತಾರೆ. ಆಮೇಲೆ ಆ ಜೋಮು ವರ್ಷಗಟ್ಟಲೆ ಉಳಿಯುತ್ತದೆ.

ಆಕ್ಯುಪಂಕ್ಚರ್ ಈ ಜೋಮಿಗೆ ಸ್ವಲ್ಪ ಸಹಾಯ ಮಾಡುತ್ತದೆ ಅಂತ ಸಣ್ಣ ಅಧ್ಯಯನಗಳು ಇವೆ, 40 ಜನ, 75 ಜನರ ಮೇಲೆ ಮಾಡಿದವು. ನನ್ನ ಕೇಳಿದರೆ, ಪ್ಲೇಟ್‌ಲೆಟ್ ಇಳಿಯುತ್ತಿರುವಾಗ, ಕಿಮೋ ನಡುವೆ, ಹೊರಗಿನ ಕ್ಲಿನಿಕ್ಕಿನಲ್ಲಿ ಬೇಡ. ಕಿಮೋ ಮುಗಿದು ರಕ್ತ ಸರಿಯಾದ ಮೇಲೆ ಯೋಚಿಸಿ. ನೋವಿನ ಜೋಮಿಗೆ ಡುಲೋಕ್ಸೆಟಿನ್ ಕೊಡುತ್ತಾರೆ, ಅದನ್ನೂ ಕೇಳಿ.

ಅಲ್ಲಿಯವರೆಗೆ ಮನೆಯಲ್ಲೂ ಚಪ್ಪಲಿ ಹಾಕಿಕೊಳ್ಳಲಿ, ಪಾದಕ್ಕೆ ಗಾಯವಾದರೂ ಗೊತ್ತಾಗುವುದಿಲ್ಲ. ಸ್ನಾನದ ನೀರಿನ ಬಿಸಿಯನ್ನು ನೀವು ಮುಟ್ಟಿ ನೋಡಿ. ಫ್ರಿಜ್ಜಿನಿಂದ ತೆಗೆಯುವ ಕೆಲಸ ಅವರಿಗೆ ಬೇಡ. ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ದೀಪ ಇರಲಿ, ಬೀಳುವುದು ಅಲ್ಲೇ. ಮುಂದಿನ ರಕ್ತಪರೀಕ್ಷೆಯ ರಿಪೋರ್ಟ್ ಬಂದಾಗ ಪ್ಲೇಟ್‌ಲೆಟ್ ಎಷ್ಟಿದೆ ಅಂತ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.